ನೀರು ಬೀಳಬಾರದೆಂದು ಹಾಕಿದ ಪೈಪು

ಚಳಿ ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಆ ಕಾಲದಲ್ಲಿ ನಾನು ಯಾವುದನ್ನೂ ಒಪ್ಪಿಕೊಳ್ಳುತ್ತಿರಲಿಲ್ಲ. ಹುಟ್ಟಿ ಬೆಳೆದದ್ದು ಚೆನ್ನೈನ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮಾರ್ಗಳಿ, ಅಂದರೆ ಧನುರ್ಮಾಸದ ಬೆಳಗ್ಗೆ ಇಪ್ಪತ್ತೆರಡು ಡಿಗ್ರಿಗೆ ಇಳಿದರೆ ನಮ್ಮ ಬೀದಿಯ ಗಂಡಸರು ಮಂಕಿ ಕ್ಯಾಪ್ ಹಾಕಿಕೊಂಡು ಹಾಲು ತರಲು ಹೊರಡುತ್ತಿದ್ದರು. ಅಮ್ಮ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುತ್ತಿದ್ದಳು. ನನ್ನ ಅನುಭವದ ಚಳಿ ಅಲ್ಲಿಗೆ ಮುಗಿಯಿತು. ಅಂಥ ನಾನು ಎರಡು ಸಾವಿರದ ದಶಕದ ಕೊನೆಯ ವರ್ಷಗಳಲ್ಲಿ, ಕೋಡಂಬಾಕ್ಕಂನ ಒಂದು ಮೂರನೇ ಮಹಡಿಯಲ್ಲಿ ಕೂತು, ಕೆನಡಾದ ಪೂರ್ವ ತೀರದ ಮನೆಗಳನ್ನು ಬೆಚ್ಚಗೆ ಮಾಡುವ ಕೆಲಸ ಮಾಡುತ್ತಿದ್ದೆ.

ಕೆಲಸ ಹೀಗೆ. ಅಲ್ಲಿನ ಒಬ್ಬ ಕಂಟ್ರಾಕ್ಟರು ಮನೆಯ ನಕ್ಷೆ, ಫೋಟೋ, ಕಿಟಕಿಗಳ ಅಳತೆ ಎಲ್ಲವನ್ನೂ ಈಮೇಲಿನಲ್ಲಿ ಕಳಿಸುತ್ತಿದ್ದ. ಆ ಮನೆಯಿಂದ ಗೋಡೆ, ಸೂರು, ಕಿಟಕಿ ಸಂದುಗಳ ಮೂಲಕ ಎಷ್ಟು ಶಾಖ ಸೋರಿಹೋಗುತ್ತದೆ ಅಂತ ನಾವು ಲೆಕ್ಕ ಹಾಕಬೇಕು. ಯಾವ ಗಾತ್ರದ ಹೀಟ್ ಪಂಪು ಬೇಕು, ಒಳಗಿನ ಪೆಟ್ಟಿಗೆ ಎಲ್ಲಿ, ಹೊರಗಿನ ಪೆಟ್ಟಿಗೆ ಎಲ್ಲಿ ಅಂತ ಡ್ರಾಯಿಂಗ್ ಬರೆದು ಸಂಜೆಯೊಳಗೆ ಕಳಿಸಬೇಕು. ನಮ್ಮ ಸಂಜೆ ಅಲ್ಲಿ ಬೆಳಗ್ಗೆ. ಆತ ನಮ್ಮ ಡ್ರಾಯಿಂಗನ್ನು ಪ್ರಿಂಟ್ ತೆಗೆದುಕೊಂಡು ವ್ಯಾನು ಹತ್ತುತ್ತಿದ್ದ.

ಹೀಟ್ ಪಂಪು ಅಂದರೆ ನಮ್ಮ ಎಸಿಯೇ, ಉಲ್ಟಾ ಓಡುವುದು. ಎಸಿ ಮನೆಯೊಳಗಿನ ಶಾಖವನ್ನು ಹೊರಗೆ ಎಸೆಯುತ್ತದೆ. ಇದು ಹೊರಗಿನ ಶಾಖವನ್ನು ಹೆಕ್ಕಿ ಒಳಗೆ ತರುತ್ತದೆ. ಇಷ್ಟನ್ನು ಅಪ್ಪನಿಗೆ ಹೇಳಿದ ದಿನ ಮನೆಯಲ್ಲಿ ದೊಡ್ಡ ವಾದವೇ ಆಯಿತು. ಅಪ್ಪ ಮದ್ದೂರಿನ ಕಡೆಯವನು, ರೈಲು ಡಬ್ಬಿ ಕಾರ್ಖಾನೆಯಲ್ಲಿ ಎಸಿ ಬೋಗಿಗಳ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದವನು. ಮದರಾಸಿಗೆ ಬಂದು ಅಷ್ಟು ಕಾಲವಾದರೂ ಮಾತು ಮಾತ್ರ ಮದ್ದೂರಿನದೇ.

“ಹೊರಗೆ ಮೈನಸ್ ಅದೆ ಅಂತೀಯ. ಅಲ್ಲಿ ಶಾಖ ಎಲ್ಲವ್ವ ಅದೆ, ತರಕ್ಕೆ?”

“ಅಪ್ಪಾ, ಮೈನಸ್ ಅನ್ನೋದು ನಾವು ಇಟ್ಕೊಂಡಿರೋ ಹೆಸರು. ಅಷ್ಟು ತಣ್ಣಗಿರೋ ಗಾಳಿಯಲ್ಲೂ ಸ್ವಲ್ಪ ಶಾಖ ಇದ್ದೇ ಇರತ್ತೆ. ಫ್ರಿಜ್ಜಿನ ಹಿಂದೆ ಕೈಯಿಟ್ಟು ನೋಡು. ಐಸ್ ಮಾಡೋ ಪೆಟ್ಟಿಗೆ ಬಿಸಿ ಬಿಡ್ತಿಲ್ವಾ? ಅದೆಲ್ಲಿಂದ ಬಂತು?”

ಅಪ್ಪ ಎದ್ದು ಹೋಗಿ ನಿಜವಾಗಿಯೂ ಫ್ರಿಜ್ಜಿನ ಹಿಂದೆ ಕೈಯಿಟ್ಟ. “ಸರಿ ತಾಯಿ, ನೀನೇ ಗೆದ್ದೆ. ಊಟಕ್ಕೆ ಏಳು,” ಅಂದ.

ಗೆಲ್ಲುವುದು ನನಗೆ ಅಭ್ಯಾಸವಾಗಿತ್ತು. ಇಂಜಿನಿಯರಿಂಗ್ ಕಾಲೇಜಿನ ನಾಲ್ಕು ವರ್ಷವೂ ನಾನು ಚರ್ಚಾ ತಂಡದಲ್ಲಿದ್ದೆ. ಎದುರಿನವರ ಮಾತಿನಲ್ಲಿ ಕಾರಣವಿಲ್ಲದ ಜಾಗ ಎಲ್ಲಿದೆ ಅಂತ ಹುಡುಕಬೇಕು, ಸಿಕ್ಕಿದ ತಕ್ಷಣ ಅಲ್ಲಿ ಬೆರಳಿಟ್ಟು ಒತ್ತಬೇಕು. ಇದು ನಮಗೆ ಕಲಿಸಿದ ವಿದ್ಯೆ. ಹಿಂದಿನಿಂದಲೂ ಹೀಗೇ, ದೊಡ್ಡವರು ಹೇಳಿದ್ದಾರೆ, ನನಗೆ ಹಾಗನ್ನಿಸುತ್ತದೆ ಎಂಬ ಮೂರೂ ಕಾರಣಗಳಲ್ಲ ಅಂತ ನಾನು ನಂಬಿದ್ದೆ. ಈಗಲೂ ನಂಬುತ್ತೇನೆ. ತೊಂದರೆ ಬೇರೆ ಕಡೆ ಇದೆ.

ಅಕ್ಟೋಬರಿನಲ್ಲಿ ಒಂದು ಮನೆಯ ಫೈಲು ಬಂತು. ಸಮುದ್ರದ ಹತ್ತಿರದ ಸಣ್ಣ ಊರು, ಮರದ ಮನೆ. ಬಾಗಿಲಿನಿಂದ ರಸ್ತೆಯವರೆಗೆ ಗಾಲಿಕುರ್ಚಿ ಇಳಿಸಲು ಹಲಗೆಗಳ ಇಳಿಜಾರು. ಮನೆಯಾಕೆ ಒಂದು ಚೀಟಿ ಬರೆದು ಜೊತೆಗೆ ಕಳಿಸಿದ್ದಳು. ಗಂಡನಿಗೆ ಸ್ಟ್ರೋಕ್ ಹೊಡೆದು ಮೈಯ ಒಂದು ಭಾಗ ಬಿದ್ದುಹೋಗಿದೆ. ಎಂಟು ತಿಂಗಳು ಅವನನ್ನು ನರ್ಸಿಂಗ್ ಹೋಮಿನಲ್ಲಿ, ಅಂದರೆ ಕೈಲಾಗದವರನ್ನು ಕೊನೆಯವರೆಗೂ ಇಟ್ಟುಕೊಂಡು ನೋಡಿಕೊಳ್ಳುವ ಕಡೆ, ಇಟ್ಟಿದ್ದರು. ಅಲ್ಲಿ ಅವನು ಊಟ ಬಿಟ್ಟ. ಹೋರಾಡಿ ಮನೆಗೆ ಕರೆತಂದಿದ್ದಾಳೆ. ಈಗ ಡಾಕ್ಟರು, ಅವನ ಶ್ವಾಸಕೋಶಕ್ಕೆ ಮನೆ ಬಿಸಿ ಮಾಡುವ ಎಣ್ಣೆ ಒಲೆಯ ಹೊಗೆ ಆಗದು, ತೆಗೆಸಿ ಅಂದಿದ್ದಾರೆ. ಆದ್ದರಿಂದ ಹೀಟ್ ಪಂಪು. ಕೊನೆಯ ಸಾಲು ಹೀಗಿತ್ತು: ‘ಮನೆ ಬೆಚ್ಚಗಿದ್ದರೆ ಮಾತ್ರ ಇವರನ್ನು ಇಲ್ಲಿ ಇಟ್ಟುಕೊಳ್ಳಲು ಬಿಡುತ್ತಾರೆ. ಮತ್ತೆ ಅಲ್ಲಿಗೆ ಕಳಿಸುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ.’

ಮನೆಯ ಲೆಕ್ಕ ಸುಲಭವಾಗಿತ್ತು. ಹೊರಗಿನ ಪೆಟ್ಟಿಗೆಯನ್ನು ಎಲ್ಲಿಡುವುದು ಅನ್ನುವುದೇ ಕಷ್ಟ. ಅನುಕೂಲವಾದ ಗೋಡೆ ಒಂದೇ ಇತ್ತು, ಅದರ ಕೆಳಗೇ ಇಳಿಜಾರು. ಚಳಿಗಾಲದಲ್ಲಿ ಹೊರಗಿನ ಪೆಟ್ಟಿಗೆಯ ಮೇಲೆ ಹಿಮ ಕೂರುತ್ತದೆ. ಮೆಷೀನು ಆಗಾಗ ತನ್ನನ್ನು ತಾನೇ ಬಿಸಿ ಮಾಡಿಕೊಂಡು ಅದನ್ನು ಕರಗಿಸುತ್ತದೆ. ಆ ನೀರು ಅಡಿಯ ತೂತುಗಳಿಂದ ಕೆಳಗೆ ಬೀಳುತ್ತದೆ. ಬಿದ್ದರೆ ಇಳಿಜಾರಿನ ಮೇಲೆ ಬೀಳುತ್ತದೆ. ಬಿದ್ದ ನೀರು ಹೆಪ್ಪುಗಟ್ಟಿ ಗಾಜಾಗುತ್ತದೆ. ಗಾಜಿನ ಮೇಲೆ ಗಾಲಿಕುರ್ಚಿ!

ಇನ್ನು ಚೆನ್ನೈನಲ್ಲಿ ಎಸಿ ನೀರು ಅಂದರೆ ಏನು ಅಂತ ಇಲ್ಲಿ ಬಾಳಿದವರಿಗೆ ಹೇಳಬೇಕಾಗಿಲ್ಲ. ಮೇಲಿನ ಮನೆಯ ಎಸಿಯಿಂದ ಕೆಳಗಿನವರ ಒಣಗಿದ ಬಟ್ಟೆಯ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಎರಡು ತಲೆಮಾರಿನ ಜಗಳ. ನಮ್ಮ ಬ್ಲಾಕಿನಲ್ಲೇ ಇದಕ್ಕಾಗಿ ಮಾತು ಬಿಟ್ಟವರಿದ್ದರು. ಎಸಿ ಕೂರಿಸುವ ಯಾವ ಮೆಕ್ಯಾನಿಕ್ಕನ್ನಾದರೂ ನೋಡಿ, ಹೊರಡುವ ಮುಂಚೆ ತೆಳ್ಳಗಿನ ಒಂದು ಪೈಪನ್ನು ಸಿಕ್ಕಿಸಿ, ಗೋಡೆಗುಂಟ ಇಳಿಸಿ, ಮೋರಿಗೆ ಬಿಟ್ಟೇ ಹೋಗುವುದು. ನೀರು ಕಂಡ ಕಡೆ ಪೈಪು ಹಾಕುವುದು ನಮ್ಮ ಕೈಗೇ ಅಂಟಿಕೊಂಡ ಬುದ್ಧಿ. ನಾನೂ ಹಾಕಿದೆ. ತೂತುಗಳನ್ನೆಲ್ಲ ಒಂದು ತಟ್ಟೆಗೆ ಸೇರಿಸಿ, ಅಲ್ಲಿಂದ ಪೈಪು ತೆಗೆದು, ಗೋಡೆಗುಂಟ ಮನೆಯ ಹಿಂದಕ್ಕೆ ಒಯ್ದೆ. ಡ್ರಾಯಿಂಗು ನೋಡಲು ಚೆಂದವಾಗಿತ್ತು.

ಅದನ್ನು ಪ್ರಶ್ನಿಸಿದವರು ನಮ್ಮ ಆಫೀಸಿನ ಹಿರಿಯ ಡ್ರಾಫ್ಟ್ಸ್‌ಮನ್. ತಮಿಳರು, ಐವತ್ತು ದಾಟಿದವರು. ವಯಸ್ಸಿನಲ್ಲಿದ್ದಾಗ ಅದೇ ಕೋಡಂಬಾಕ್ಕಂನ ಸಿನಿಮಾ ಸ್ಟುಡಿಯೋಗಳಲ್ಲಿ ಎಸಿ ರಿಪೇರಿ ಮಾಡುತ್ತಿದ್ದರಂತೆ. ನಾವು ಅವರನ್ನು ಬರೀ ಸಾರ್ ಅನ್ನುತ್ತಿದ್ದೆವು. ಮಾತು ತಮಿಳಿನಲ್ಲಿ.

“ಅಮ್ಮಾ, ಈ ಪೈಪು ಬೇಕಾ?”

“ಬೇಕು ಸಾರ್. ಇಲ್ಲದಿದ್ದರೆ ಇಳಿಜಾರಿನ ಮೇಲೆ ಐಸು.”

“ಅಲ್ಲ, ಮೆಷೀನಿನ ಪುಸ್ತಕದಲ್ಲಿ ಚಿತ್ರ ನೋಡಿದೆ. ಬರೀ ತೂತು ಬಿಟ್ಟಿದ್ದಾನೆ. ಪೈಪು ತೋರಿಸಿಲ್ಲ.”

“ಆ ಚಿತ್ರದಲ್ಲಿ ಗೋಡೆಯನ್ನೂ ತೋರಿಸಿಲ್ಲ ಸಾರ್. ಹಾಗಂತ ಗೋಡೆ ಬೇಡವಾ?”

ಪಕ್ಕದ ಟೇಬಲಿನವರು ನಕ್ಕರು. ಸಾರ್ ಕೂಡ ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, “ಮನಸ್ಸಿಗೆ ಯಾಕೋ ಸರಿ ಬರ್ತಿಲ್ಲ,” ಅಂದರು.

“ಯಾಕೆ ಅಂತ ಹೇಳಿ. ಈಗಲೇ ಅಳಿಸ್ತೀನಿ.”

ಅವರು ಸ್ವಲ್ಪ ಹೊತ್ತು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ನನಗೆ ಅವರ ಮುಖ ನೆನಪಿದೆ. ಯಾಕೆ ಅಂತ ಅವರಿಗೆ ಸಿಗಲಿಲ್ಲ. ಮೈನಸ್ ಅವರಿಗೂ ಕಂಡದ್ದಲ್ಲ. “ಉನ್ ಇಷ್ಟಂ,” ನಿನ್ನ ಇಷ್ಟ, ಅಂತ ಹೇಳಿ ತಮ್ಮ ಜಾಗಕ್ಕೆ ಹೋದರು. ನಾನು ಡ್ರಾಯಿಂಗಿಗೆ ಮುದ್ರೆ ಹಾಕಿ ಕಳಿಸಿದೆ. ಅಲ್ಲಿಯ ಕಂಟ್ರಾಕ್ಟರು ಎಣ್ಣೆ ಒಲೆಗಳ ಕೆಲಸ ಬಿಟ್ಟು ಆಗಷ್ಟೇ ಹೀಟ್ ಪಂಪಿಗೆ ಇಳಿದವನು. ಡ್ರಾಯಿಂಗಿನಲ್ಲಿ ಏನಿತ್ತೋ ಅದನ್ನು ಸೂಜಿಮೊನೆಯಷ್ಟೂ ಬಿಡದೆ ಮಾಡಿದ.

ನವೆಂಬರಿನಲ್ಲಿ ಮನೆಯಾಕೆ ಫೋಟೋ ಕಳಿಸಿದಳು. ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಗಂಡ, ಅರ್ಧ ತೋಳಿನ ಅಂಗಿ ಹಾಕಿಕೊಂಡು ಕೂತಿದ್ದಾನೆ. ಹೊರಗೆ ಬಿಳಿ ಬಿಳಿ. ‘ಈ ಮನೆಯಲ್ಲಿ ನವೆಂಬರಿನಲ್ಲಿ ಇದುವರೆಗೆ ಯಾರೂ ಹೀಗೆ ಅರ್ಧ ತೋಳಿನಲ್ಲಿ ಕೂತದ್ದಿಲ್ಲ’ ಅಂತ ಬರೆದಿದ್ದಳು. ನಾನು ಆ ಫೋಟೋವನ್ನು ಅಪ್ಪನಿಗೆ ತೋರಿಸಿದೆ. ಅಪ್ಪ ಅಂಗಿಯನ್ನು ದಿಟ್ಟಿಸಿ ನೋಡಿ, “ಅಲ್ಲಿಂದ ಶಾಖ ತಂದೇಬಿಟ್ಟೆಯಲ್ಲವ್ವ,” ಅಂದ.

ಜನವರಿಯಲ್ಲಿ ಪೊಂಗಲ್ ರಜೆ ಬಂತು. ಆಫೀಸಿನಲ್ಲಿ ಒಬ್ಬರಾದರೂ ಇರಬೇಕು ಅಂತ ಮ್ಯಾನೇಜರು ನನ್ನನ್ನು ಹಿಡಿದರು. “ನಿಮ್ಮದು ಕನ್ನಡ ಫ್ಯಾಮಿಲಿ. ನಿಮಗೆ ಪೊಂಗಲ್ ಇಲ್ಲ ಅಲ್ವಾ?” ಅದೇ ದಿನ ನಮಗೆ ಸಂಕ್ರಾಂತಿ, ಸೂರ್ಯ ಒಬ್ಬನೇ, ರಾಜ್ಯಕ್ಕೊಬ್ಬ ಇಲ್ಲ ಅಂತ ವಾದಿಸಿದೆ. “ಹಾಗಾದ್ರೆ ಮಾರನೇ ದಿನ, ದನಗಳ ಮಾಟ್ಟುಪ್ಪೊಂಗಲ್ ದಿನ ಬನ್ನಿ, ಅದಂತೂ ನಿಮಗಿಲ್ಲ,” ಅಂದರು. ಹಬ್ಬದ ಮರುದಿನ ಎಳ್ಳುಬೆಲ್ಲದ ಒಂದು ಡಬ್ಬಿ ತೆಗೆದುಕೊಂಡು ಹೋಗಿ ಖಾಲಿ ಆಫೀಸಿನಲ್ಲಿ ಒಬ್ಬಳೇ ಕೂತೆ.

ಸಂಜೆ ನಾಲ್ಕೂವರೆಗೆ ಫೋನು ಬಂತು. ಅದೇ ಮನೆಯಾಕೆ. ಅಲ್ಲಿ ಬೆಳಗ್ಗೆ ಏಳು. ಹಿಂದಿನ ದಿನದಿಂದ ಹಿಮದ ಬಿರುಗಾಳಿ, ರಸ್ತೆಗಳೆಲ್ಲ ಮುಚ್ಚಿವೆ. ಕಂಟ್ರಾಕ್ಟರು ಬೇರೆ ಊರಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ. ಡಿಸೈನ್ ಮಾಡಿದವರನ್ನೇ ಕೇಳಿ ಅಂತ ನಮ್ಮ ನಂಬರು ಕೊಟ್ಟಿದ್ದಾನೆ.

“ನಿಮಗೆ ತೊಂದರೆ ಕೊಡ್ತಿದೀನಿ, ಕ್ಷಮಿಸಿ,” ಅಂತಲೇ ಶುರು ಮಾಡಿದಳು. “ಬೆಳಗಿನ ಜಾವ ಮೆಷೀನು ಕಟಕಟ ಅಂತ ಸದ್ದು ಮಾಡಿ ನಿಂತುಬಿಟ್ಟಿತು. ಹೊರಗೆ ಮೈನಸ್ ಇಪ್ಪತ್ತನಾಲ್ಕು. ಒಳಗೆ ಹನ್ನೊಂದಕ್ಕೆ ಇಳಿದಿದೆ. ಒಂದು ಫೋಟೋ ಕಳಿಸಿದೀನಿ.”

ಫೋಟೋ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ತೆರೆದುಕೊಂಡಿತು. ಮೊದಲು ಗೋಡೆ. ಆಮೇಲೆ ಪೆಟ್ಟಿಗೆಯ ಮೇಲ್ಭಾಗ. ಆಮೇಲೆ ಪೆಟ್ಟಿಗೆಯೇ ಇಲ್ಲ, ಐಸು. ಅಡಿಯ ತಟ್ಟೆಯಿಂದ ಫ್ಯಾನಿನ ಅರ್ಧದವರೆಗೆ ಗಟ್ಟಿಯಾಗಿ ತುಂಬಿಕೊಂಡಿತ್ತು. ನಾನು ಎಳೆದ ಪೈಪು ಗೋಡೆಗುಂಟ ಬಿಳಿಯ ಕೋಲಿನ ಹಾಗೆ ನಿಂತಿತ್ತು.

ಒಂದು ಕಿವಿಗೆ ಆಫೀಸ್ ಫೋನು, ಇನ್ನೊಂದು ಕಿವಿಗೆ ನನ್ನ ಮೊಬೈಲು. ರಜೆಯಲ್ಲಿ ಮನೆಯಲ್ಲಿದ್ದ ಅಪ್ಪನಿಗೆ ಮಾಡಿದೆ. ಕಂಡದ್ದನ್ನು ಹೇಳಿದೆ.

“ಪೈಪ್ ಯಾಕ್ರವ್ವ ಹಾಕುದ್ರಿ?” ಅಪ್ಪ ಕೇಳಿದ ಮೊದಲ ಮಾತು ಅದೇ. “ಉತ್ತರದ ಕಡೆ ಹೋಗೋ ಡಬ್ಬಿಗಳಲ್ಲಿ ಮೊದಲು ಕಟ್ಕೊಳ್ಳೋದೇ ಪೈಪು. ಸಣ್ಣ ಜಾಗ ಅಲ್ವಾ, ನೀರು ಅಲ್ಲಿ ನಿಧಾನ ಆಯ್ತದೆ, ಹೆಪ್ಪುಗಟ್ತದೆ. ಹಿಂದೆ ಬರೋ ನೀರು ಎಲ್ಲಿಗೆ ಹೋಗ್ಬೇಕು? ಮೇಲಕ್ಕೇ ತುಂಬ್ಕತದೆ. ಅದುನ್ನ ಸುಮ್ನೆ ಕೆಳಕ್ಕೆ ಬುಟ್ಟುಡ್ಬೇಕು.”

“ಇದನ್ನ ನನಗೆ ಯಾಕೆ ಹೇಳ್ಲಿಲ್ಲ ಅಪ್ಪಾ?”

“ನೀನೆಲ್ಲಿ ಕೇಳುದ್ಯವ್ವ? ನೀನು ಹೇಳಕ್ಕೆ ಬತ್ತೀಯ.”

ಇನ್ನೊಂದು ಕಿವಿಯಲ್ಲಿ ಆಕೆ ಕಾಯುತ್ತಿದ್ದಳು. ಕೆಟಲಿನಲ್ಲಿ ನೀರು ಕಾಯಿಸಿ ಸುರಿಯಲೇ ಅಂತ ಕೇಳಿದಳು. ಬೇಡ ಅನ್ನು, ಅದೂ ಅಲ್ಲೇ ಕಟ್ಕತದೆ ಅಂದ ಅಪ್ಪ. ಬೇಡ ಅಂದೆ. ಕರೆಂಟು ತೆಗೆಸಿದೆ. ಫ್ಯಾನಿನ ರೆಕ್ಕೆಗಳು ಹೇಗಿವೆ ನೋಡಿ ಬರಲು ಹೇಳು ಅಂದ ಅಪ್ಪ. ಅದನ್ನೂ ಹೇಳಿದೆ. ಆಕೆ ಕೋಟು, ಬೂಟು ಹಾಕಿಕೊಂಡು, ಫೋನನ್ನು ಜೊತೆಗೇ ಇಟ್ಟುಕೊಂಡು ಹೊರಗೆ ಹೋದಳು. ಗಾಳಿಯ ಸದ್ದು. ಲಾರಿಯೊಂದು ಕಿವಿಯೊಳಗೇ ಹೋಗುತ್ತಿರುವ ಹಾಗೆ. ನನ್ನ ತಲೆಯ ಮೇಲೆ ಸೀಲಿಂಗ್ ಫ್ಯಾನು ತಿರುಗುತ್ತಿತ್ತು.

“ಇಳಿಜಾರಿನ ಮೇಲೆ ಬರೀ ಪುಡಿ ಹಿಮ, ಐಸಿಲ್ಲ, ಅಷ್ಟಾದರೂ ಪುಣ್ಯ,” ಅಂದಳು. ಆಮೇಲೆ, “ಫ್ಯಾನು ಕಾಣ್ತಿದೆ. ಎರಡು ರೆಕ್ಕೆ.”

ನಾನು ಮೆಷೀನಿನ ಪುಸ್ತಕ ತೆರೆದು ಚಿತ್ರದಲ್ಲಿ ರೆಕ್ಕೆ ಎಣಿಸಿದೆ.

“ಮೂರಿರಬೇಕಿತ್ತಾ?” ಅಂತ ಕೇಳಿದಳು.

ಮೂರಿರಬೇಕಿತ್ತು. ಮೂರನೆಯದು ಐಸಿಗೆ ಬಡಿದು ಮುರಿದುಹೋಗಿತ್ತು. ಇನ್ನು ಐಸು ಕರಗಿಸಿದರೂ ಅದು ಓಡುವುದಿಲ್ಲ. ಹೊಸ ರೆಕ್ಕೆ ಬರಬೇಕು, ಕಂಟ್ರಾಕ್ಟರು ಬರಬೇಕು, ಅವನು ಬರಲು ರಸ್ತೆ ತೆರೆಯಬೇಕು. ಇಷ್ಟೂ ಭೂಮಿಯ ಆ ಬದಿಯಲ್ಲಿ. ನನ್ನ ಕೈಯಲ್ಲಿ ಇದ್ದದ್ದು ಎಳ್ಳುಬೆಲ್ಲದ ಡಬ್ಬಿಯ ಮುಚ್ಚಳ. ಮೊಬೈಲು ಯಾವಾಗ ಕೆಳಗಿಟ್ಟು ಅದನ್ನು ತೆಗೆದೆನೋ ಗೊತ್ತಿಲ್ಲ.

ಆಕೆ ಒಳಗೆ ಬಂದಳು. ಮನೆಯಲ್ಲಿ ಒಂದು ಸಣ್ಣ ಎಲೆಕ್ಟ್ರಿಕ್ ಹೀಟರು ಇತ್ತು. ಅದನ್ನು ಗಂಡನ ಕೋಣೆಯಲ್ಲಿ ಇಟ್ಟಿದ್ದಳು, ಆದರೂ ಹತ್ತಕ್ಕೆ ಇಳಿಯಿತು. ಅರ್ಧ ಗಂಟೆಗೊಮ್ಮೆ ನಾನೇ ಫೋನು ಮಾಡಿ ಕೇಳುತ್ತಿದ್ದೆ. ಯಾಕೆ ಕೇಳುತ್ತಿದ್ದೆ? ಅಂಕಿ ತಿಳಿದರೆ ನಾನೇನು ಮಾಡಬಲ್ಲೆ? ಆದರೂ ಕೇಳುತ್ತಿದ್ದೆ, ಆಕೆಯೂ ಹೇಳುತ್ತಿದ್ದಳು.

“ನಿಮ್ಮಲ್ಲಿ ಈಗ ಎಷ್ಟು?” ಅಂದಳು ಒಮ್ಮೆ.

“ಇಪ್ಪತ್ತೊಂಬತ್ತು.”

“ಅಯ್ಯೋ. ಅದರಲ್ಲಿ ಹತ್ತು ಕಳಿಸಬಾರದಾ?” ಅಂತ ನಕ್ಕಳು. ನಕ್ಕಳು ಅನ್ನುವುದನ್ನೇ ನನಗೆ ಇವತ್ತಿಗೂ ತಡೆದುಕೊಳ್ಳಲಾಗುವುದಿಲ್ಲ.

ಆರೂವರೆಯ ಹೊತ್ತಿಗೆ ಆಕೆಯೇ ಫೋನು ಮಾಡಿದಳು. ದನಿ ಬದಲಾಗಿತ್ತು. ಗಂಡನನ್ನು ನೋಡಿಕೊಳ್ಳುವ ನರ್ಸಿಗೆ ಫೋನು ಮಾಡಿದ್ದಳಂತೆ. ಅವನ ಉಸಿರು ಈಗಲೇ ಗೊರಗೊರ ಅನ್ನುತ್ತಿದೆ, ಈ ಚಳಿಯಲ್ಲಿ ಇಡುವ ಹಾಗಿಲ್ಲ, ಹಿಮ ತಳ್ಳುವ ಗಾಡಿಯ ಹಿಂದೆ ಆಂಬುಲೆನ್ಸು ಕಳಿಸುತ್ತೇವೆ ಅಂದಿದ್ದಾರೆ. ಅಕ್ಕಪಕ್ಕದಲ್ಲಿ ಬೆಚ್ಚಗಿನ ಮನೆ ಇಲ್ಲವೇ ಅಂತ ಕೇಳಿದೆ. ಇದೆ, ಅಲ್ಲಿ ಮೆಟ್ಟಿಲಿದೆ, ಅವನ ಮಂಚ ಇಲ್ಲ, ಆಕ್ಸಿಜನ್ ಇಲ್ಲ. ಕರೆದೊಯ್ದರೆ ಅದೇ ನರ್ಸಿಂಗ್ ಹೋಮಿಗೆ.

“ಒಂದೇ ಒಂದು ಮಾತು ಹೇಳಿ,” ಅಂದಳು. “ಇವತ್ತು ಕತ್ತಲಾಗೋದರೊಳಗೆ ಇದು ಓಡತ್ತಾ? ಓಡತ್ತೆ ಅಂತ ನೀವು ಹೇಳಿದ್ರೆ ನಾನು ಅವರಿಗೆ ಬರಬೇಡಿ ಅಂತೀನಿ. ಇವರನ್ನ ತಬ್ಬಿಕೊಂಡು ಮಲಗ್ತೀನಿ. ನಿಮ್ಮ ಮಾತಿನ ಮೇಲೆ ಬಿಡ್ತೀನಿ.”

ಯಾವ ವಿಷಯ ಕೊಟ್ಟರೂ ಪರವಾಗಿ ಐದು ನಿಮಿಷ, ವಿರೋಧವಾಗಿ ಐದು ನಿಮಿಷ ಮಾತಾಡಬಲ್ಲವಳು ನಾನು. ಆ ಹೊತ್ತಿನಲ್ಲಿ ಪರವಾಗಿ ಹೇಳಲು ಏನಾದರೂ ಇದೆಯೇ ಅಂತ ನಿಜಕ್ಕೂ ಹುಡುಕಿದೆ. ಏನೂ ಇರಲಿಲ್ಲ.

“ಇಲ್ಲ. ಓಡಲ್ಲ,” ಅಂದೆ.

“ಸರಿ,” ಅಂದಳು. ಫೋನು ಇಡಲಿಲ್ಲ. ಕೋಣೆಗೆ ಹೋಗಿ ಗಂಡನಿಗೆ ಹೇಳುವುದು ಕೇಳಿಸಿತು, ಬಹಳ ಮೆತ್ತಗೆ, ಒಂದೆರಡು ದಿನ ಮಾತ್ರ ಅಂತ. ಸ್ಟ್ರೋಕಿನ ನಂತರ ಅವನಿಗೆ ಎರಡು ಮೂರು ಮಾತು ಮಾತ್ರ ಉಳಿದಿದ್ದವಂತೆ. ಅದರಲ್ಲಿ ಒಂದನ್ನು ನಾನು ಕೇಳಿದೆ. “ನೋ,” ಅಂದ. ಮತ್ತೆ “ನೋ.” ಕೂಗಲಿಲ್ಲ. ಯಾರೋ ಬೆಲೆ ಹೇಳಿದಾಗ ಬೇಡ ಅನ್ನುತ್ತೇವಲ್ಲ, ಹಾಗೆ. ಎಷ್ಟು ಸಲ ಅಂದನೋ. ಆಮೇಲೆ ಹೊರಗೆ ಗಾಡಿಯ ಸದ್ದು, ಗಂಡಸರ ದನಿ, ಬಾಗಿಲು. ಫೋನು ಯಾರದೋ ಕೈ ತಾಗಿ ಕಡಿದುಹೋಯಿತು.

ರಜೆ ಮುಗಿದ ದಿನ ಸಾರ್ ಬಳಿ ಹೋಗಿ ನಿಂತೆ. “ನೀವು ಹೇಳಿದ್ರಿ ಸಾರ್.”

“ನಾನೆಲ್ಲಮ್ಮಾ ಹೇಳ್ದೆ?” ಅಂದರು. “ಕಾರಣ ಗೊತ್ತಿದ್ರೆ ತಾನೆ ಹೇಳೋದು.”

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈದವರ ಮಾತಿನಲ್ಲಿ ಏನಾದರೊಂದು ತಪ್ಪು ಹಿಡಿಯಬಹುದು.

ಆಕೆಗೆ ಒಂದು ಕಾಗದ ಬರೆದೆ. ಪೈಪು ನನ್ನ ಕೆಲಸ, ಮೆಷೀನಿನದ್ದಲ್ಲ, ಹಾಕಿದವನದ್ದೂ ಅಲ್ಲ ಅಂತ. ಮ್ಯಾನೇಜರು ಓದಿ, “ಇದು ಹೋಗಲ್ಲ,” ಅಂದರು. ಯಾಕೆ ಅಂತ ಕೇಳಿದೆ. “ವಕೀಲರು ಓದಿ ಕೇಸು ಹಾಕೋ ದೇಶಕ್ಕೆ ಇಂಥ ಕಾಗದ ಬರೀತಾರಾ?” ಅಂದರು. ಕಂಪನಿಯ ಹೆಸರಿನಲ್ಲಿ ಬೇಡ, ನನ್ನ ಹೆಸರಿನಲ್ಲೇ ಕಳಿಸುತ್ತೇನೆ ಅಂದೆ. “ಕಳಿಸಿ. ನಿಮ್ಮ ಜೊತೆ ಈ ಹದಿನಾಲ್ಕು ಜನರ ಕೆಲಸ ಹೋಗಲಿ,” ಅಂತ ಹೊರಗಿನ ಟೇಬಲುಗಳ ಕಡೆ ಕೈ ತೋರಿಸಿದರು. ಹದಿನಾಲ್ಕು ಜನರಲ್ಲಿ ಸಾರ್ ಒಬ್ಬರು. ನಾನು ಕಳಿಸಲಿಲ್ಲ. ಕಳಿಸಬೇಕಿತ್ತೇ ಅಂದರೆ ಎರಡೂ ಕಡೆಗೆ ವಾದ ಇದೆ, ಅದೇ ಅಸಹ್ಯ. ಬದಲಿಗೆ ಎಲ್ಲ ಹಳೆಯ ಡ್ರಾಯಿಂಗುಗಳನ್ನೂ ತೆಗೆದು ನೋಡಿದೆ. ಇನ್ನೆರಡು ಮನೆಗೆ ಪೈಪು ಹಾಕಿದ್ದೆ. ಕತ್ತರಿಸಿ, ಮೆಷೀನನ್ನು ಎತ್ತರದ ಸ್ಟ್ಯಾಂಡಿನ ಮೇಲೆ ಕೂರಿಸಿ ಅಂತ ಕಂಟ್ರಾಕ್ಟರಿಗೆ ಬರೆದೆ. ಯಾಕೆ ಅಂತ ಅವನು ಕೇಳಲೂ ಇಲ್ಲ. ಡ್ರಾಯಿಂಗು ಬದಲಾಗಿದೆ, ಆಯಿತು, ಅಷ್ಟೇ ಅವನಿಗೆ.

ಮೂರು ವಾರದ ಮೇಲೆ ಆಕೆಯಿಂದಲೇ ಈಮೇಲು ಬಂತು. ಆ ದಿನ ಅಷ್ಟು ಹೊತ್ತು ಫೋನಿನಲ್ಲಿ ಇದ್ದದ್ದಕ್ಕೆ, ಸುಳ್ಳು ಹೇಳದೆ ಇದ್ದದ್ದಕ್ಕೆ ಥ್ಯಾಂಕ್ಸ್ ಹೇಳಿದ್ದಳು. ಫ್ಯಾನು ಬಂದಿದೆ, ಮನೆ ಬೆಚ್ಚಗಿದೆ. ಗಂಡನಿಗೆ ಅಲ್ಲಿ ನ್ಯುಮೋನಿಯಾ ಆಗಿ ಇಳಿದಿದೆ, ಇನ್ನೂ ಕಳಿಸುತ್ತಿಲ್ಲ. ವಸಂತ ಬರಲಿ ಅನ್ನುತ್ತಿದ್ದಾರೆ. ನಾನು ಎರಡು ಸಾಲು ಉತ್ತರ ಬರೆದೆ. ಮ್ಯಾನೇಜರು ತಡೆಯಲಾಗದಂಥ ಎರಡು ಸಾಲು.

ಮೇ ತಿಂಗಳು, ಚೆನ್ನೈನವರು ಕತ್ತಿರಿ ಅನ್ನುವ ಉರಿ ಬಿಸಿಲು. ಆಫೀಸಿನ ಎಸಿಯೇ ಸೋತು ಕೂತಿದ್ದ ಒಂದು ಮಧ್ಯಾಹ್ನ ಕಂಟ್ರಾಕ್ಟರಿನಿಂದ ಅದೇ ವಿಳಾಸದ ಹೊಸ ಫೈಲು ಬಂತು. ದೊಡ್ಡ ಮೆಷೀನನ್ನು ತೆಗೆಸಿ ಬೇರೆ ಮನೆಗೆ ಮಾರಲು ನಿರ್ಧರಿಸಿದ್ದಾಳೆ, ಮಹಡಿಯ ಮಲಗುವ ಕೋಣೆಗೆ ಮಾತ್ರ ಒಂದು ಸಣ್ಣದು ಸಾಕು, ಲೆಕ್ಕ ಹಾಕಿ ಕೊಡಿ ಅಂತ. ನಮ್ಮ ಲೆಕ್ಕದ ಹಾಳೆಯಲ್ಲಿ ಮನೆಯಲ್ಲಿ ಇರುವವರು ಎಷ್ಟು ಅಂತ ತುಂಬುವ ಒಂದು ಕಾಲಂ ಇರುತ್ತದೆ. ಮನುಷ್ಯರ ಮೈಯಿಂದಲೂ ಶಾಖ ಬರುತ್ತದಲ್ಲ, ಅದನ್ನೂ ಎಣಿಸಬೇಕು. ಅವನು ‘ಒಂದು’ ಅಂತ ತುಂಬಿದ್ದ. ಕೆಳಗೆ, ಕೆಳಗಿನ ಕೋಣೆ ಇನ್ನು ಬಳಕೆಯಲ್ಲಿ ಇರುವುದಿಲ್ಲ, ಗಂಡ ನರ್ಸಿಂಗ್ ಹೋಮಿನಲ್ಲೇ ಉಳಿಯುತ್ತಾನೆ ಅಂತ ಬರೆದಿದ್ದ.

ಏನನ್ನಾದರೂ ಪ್ರಶ್ನಿಸಲು ಸಾಧ್ಯವೇ ಅಂತ ಆ ಹಾಳೆಯನ್ನು ಎರಡು ಸಲ ಓದಿದೆ. ಅಳತೆಗಳೆಲ್ಲ ಸರಿಯಾಗಿದ್ದವು. ಒಂದು ಕಿಟಕಿ, ಒಂದು ಬಾಗಿಲು, ಹೊರಗಿನ ಗೋಡೆ ಎರಡು. ಕೂತು ಲೆಕ್ಕ ಹಾಕಿದೆ. ಎಲ್ಲಕ್ಕಿಂತ ಸಣ್ಣ ಮೆಷೀನೇ ಆ ಕೋಣೆಗೆ ಧಾರಾಳವಾಗಿತ್ತು.